ಅಬ್ಬಾ, ಈ ಗೋಡೆಗೆ ಎಂಥ ದಾಹ!

ಒಂದು ಇಟ್ಟಿಗೆ ಎತ್ತಿಕೊಳ್ಳಿ. ಸುಮಾರು 3 ಕಿಲೋ ತೂಕ. ಒಣಗಿ ಗಟ್ಟಿಯಾಗಿದೆ, ತಟ್ಟಿದರೆ ಠಣ್ ಅನ್ನುತ್ತದೆ. ಅದನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ. ಆಹಾ, ನೋಡಿ! ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ. ಒಳಗಿದ್ದ ಗಾಳಿ ಹೊರಟುಹೋಗುತ್ತಿದೆ, ಆ ಜಾಗಕ್ಕೆ ನೀರು ನುಗ್ಗುತ್ತಿದೆ. ಮರುದಿನ ತೆಗೆದು ತೂಗಿ ನೋಡಿದರೆ ಇಟ್ಟಿಗೆಯ ಹೊಟ್ಟೆಯಲ್ಲಿ ಅರ್ಧ ಲೀಟರಿನ ಆಸುಪಾಸು ನೀರಿರುತ್ತದೆ. ಕಳಪೆ ಇಟ್ಟಿಗೆ ಎಂದು ಬೈಯಬೇಡಿ. ಸಾಮಾನ್ಯ ಸುಟ್ಟ ಇಟ್ಟಿಗೆ 24 ಗಂಟೆ ನೆನೆದಾಗ ತನ್ನ ತೂಕದ ಶೇ 20ರವರೆಗೆ ನೀರು ಹೀರಿದರೂ ನಮ್ಮ ದೇಶದ ಐಎಸ್ 1077 ಮಾನಕ ಅದನ್ನು ಒಪ್ಪುತ್ತದೆ.

ಈಗ ಲೆಕ್ಕ ಹಾಕಿ. ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತು ಇಂಚು ದಪ್ಪದ ಒಂದು ಗೋಡೆಗೆ ಹೆಚ್ಚುಕಡಿಮೆ ಸಾವಿರ ಇಟ್ಟಿಗೆ ಹಿಡಿಯುತ್ತವೆ. ಒಂದೊಂದಕ್ಕೆ ಅರ್ಧ ಲೀಟರ್ ಅಂದರೂ ಐನೂರು ಲೀಟರ್! ತಾರಸಿಯ ಮೇಲೆ ಕೂತಿರುವ ಕಪ್ಪು ಟ್ಯಾಂಕಿನಷ್ಟು ನೀರು ಮಲಗುವ ಕೋಣೆಯ ಒಂದೇ ಒಂದು ಗೋಡೆಯೊಳಗೆ ಸದ್ದಿಲ್ಲದೆ ಅಡಗಿ ಕೂರಬಲ್ಲದು!

ಇಂಥ ಗೋಡೆಗಳ ಮೇಲೆ 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಆಕಾಶವೇ ಕಳಚಿ ಬಿತ್ತು. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಹತ್ತಿದ ಫೆಂಗಲ್ ಚಂಡಮಾರುತ ಕರಾವಳಿಯಲ್ಲೇ ಮುಗಿದುಹೋಗಲಿಲ್ಲ. ನಿಧಾನಕ್ಕೆ ಪಶ್ಚಿಮಕ್ಕೆ ತೆವಳುತ್ತಾ, ಕಡಲನ್ನೇ ಕಾಣದ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಬಂತು. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಊತಂಗರೈಯಲ್ಲಿ ಬಿದ್ದ ಮಳೆ ಸುಮಾರು 50 ಸೆಂಟಿಮೀಟರ್. ವರ್ಷವಿಡೀ ಬೀಳಬೇಕಾದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದಿನ! ಕೆರೆ ಉಕ್ಕಿ, ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳು ತೇಲಿಹೋದ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಸಾವಿರ ಚದರಡಿ ತಾರಸಿಯ ಒಂದು ಮನೆಯ ಮೇಲೆ ಆ ಒಂದು ದಿನ ಸುರಿದ ನೀರು 46,000 ಲೀಟರಿಗೂ ಹೆಚ್ಚು. ಏಳೆಂಟು ಲಾರಿ ಟ್ಯಾಂಕರ್ ನೀರು ಒಂದೇ ಸೂರಿನ ಮೇಲೆ!

ಬೀದಿಯ ನೀರು ಇಳಿಯಿತು, ಟಿವಿಯವರು ಹೊರಟರು. ಆದರೆ ಗೋಡೆಯೊಳಗಿನ ಕಥೆ ಶುರುವಾಗುವುದೇ ಆಮೇಲೆ. ಗೋಡೆ ನೆಂದು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಅಲ್ಲೊಂದು ಜೀವ ಕಣ್ಣು ಬಿಡುತ್ತದೆ. ಅದೇ ಬೂಷ್ಟು.

ಅದು ಎಲ್ಲಿಂದ ಬಂತು ಎಂದು ಕೇಳುತ್ತೀರಾ? ಎಲ್ಲಿಂದಲೂ ಬರಲಿಲ್ಲ, ಮೊದಲಿನಿಂದಲೂ ಅಲ್ಲೇ ಇತ್ತು! ಈಗ ನೀವು ಒಳಗೆಳೆದುಕೊಂಡ ಉಸಿರಿನಲ್ಲೂ ಬೂಷ್ಟಿನ ಬೀಜಕಣಗಳಿವೆ. ಒಂದೊಂದರ ಅಳತೆ 2ರಿಂದ 10 ಮೈಕ್ರಾನ್. ತಲೆಗೂದಲಿನ ದಪ್ಪದ ಒಂದು ಸಣ್ಣ ಪಾಲು ಮಾತ್ರ. ಒಂದು ಘನ ಮೀಟರ್ ಗಾಳಿಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಗೆ ಯಾರೂ ಕರೆಯದೆ ಬಂದು ಕೂತು ಪೆನಿಸಿಲಿನ್ ಎಂಬ ಪವಾಡ ತೋರಿಸಿದ್ದೂ ಇದೇ ಬಳಗದ ಒಂದು ಕಣ. ಅಂದು ಕೋಟ್ಯಂತರ ಜೀವ ಉಳಿಸುವ ಔಷಧಕ್ಕೆ ದಾರಿ ತೋರಿಸಿದ ಕುಲದವರೇ ಇಂದು ಮಗುವಿನ ಕೋಣೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳಾಗಿ ಕೂತು ಕೆಮ್ಮು, ಉಬ್ಬಸ ಹೆಚ್ಚಿಸುತ್ತಿದ್ದಾರೆ!

ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಎಳೆಗಳನ್ನು ಚಾಚಿ ಜೀರ್ಣರಸವನ್ನು ಹೊರಗೇ ಸುರಿದು, ಊಟವನ್ನು ಅಲ್ಲೇ ಕರಗಿಸಿ ಹೀರಿಕೊಳ್ಳುತ್ತದೆ. ಬಣ್ಣದಲ್ಲಿರುವ ಅಂಟು, ಪ್ಲೈವುಡ್, ಜಿಪ್ಸಂ ಹಲಗೆಗೆ ಮೆತ್ತಿದ ಕಾಗದ, ಗೋಡೆಗೆ ಅಂಟಿದ ಧೂಳು, ಅಡುಗೆಯ ಜಿಡ್ಡು, ಎಲ್ಲವೂ ಅದಕ್ಕೆ ಮೃಷ್ಟಾನ್ನ. ಊಟ ಎಲ್ಲ ಮನೆಯಲ್ಲೂ ಇದೆ, ಬೀಜಕಣ ಎಲ್ಲ ಮನೆಯಲ್ಲೂ ಇದೆ, ಹಿತವಾದ ಬಿಸಿಯೂ ಇದೆ. ಹಾಗಿದ್ದರೆ ಎಲ್ಲ ಗೋಡೆಗಳೂ ಯಾಕೆ ಕಪ್ಪಾಗಿಲ್ಲ? ನೀರೊಂದು ಸಿಗದ ಕಾರಣಕ್ಕೆ! ಬೂಷ್ಟಿನ ಬೀಗಕ್ಕೆ ಇರುವುದು ಒಂದೇ ಕೀಲಿಕೈ, ಅದು ನೀರು.

ಆದರೆ ಮಳೆ ಬೀಳದ ಮನೆಯಲ್ಲೂ ಬೂಷ್ಟು ಬರುತ್ತದಲ್ಲ? ಇಲ್ಲೇ ಇರುವುದು ನಿಜವಾದ ಬೆರಗು. ಇದೇ ಕೃಷ್ಣಗಿರಿ ಜಿಲ್ಲೆಯ ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ ಕಚ್ಚುತ್ತದೆ, ಬೆಳಿಗ್ಗೆ ಮಂಜು ಮುಸುಕುತ್ತದೆ. ಕಿಟಕಿ, ಬಾಗಿಲು ಭದ್ರವಾಗಿ ಮುಚ್ಚಿಕೊಂಡು ಮಲಗುತ್ತೇವೆ. ನಾಲ್ಕು ಜನರ ಸಂಸಾರ ಉಸಿರಾಡಿ, ಅನ್ನ ಬೇಯಿಸಿ, ಬಿಸಿನೀರಲ್ಲಿ ಮಿಂದು, ಬಟ್ಟೆ ಒಣಗಿಸಿ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಆವಿಯಾಗಿ ಮನೆಯ ಗಾಳಿಗೆ ಸೇರಿಸುತ್ತದೆ. ಕೋಣೆಯ ಗಾಳಿ 25 ಡಿಗ್ರಿ ಇದ್ದು ತೇವಾಂಶ ಶೇ 70 ಇದೆ ಅನ್ನಿ, ಅಂಥ ಅಪಾಯವೇನೂ ಕಾಣುವುದಿಲ್ಲ. ಆದರೆ ಬೀರುವಿನ ಹಿಂದಿನ ಗೋಡೆ ಹೊರಗಿನ ಚಳಿಗೆ ತಣ್ಣಗಾಗಿ 20 ಡಿಗ್ರಿಗೆ ಇಳಿದಿದೆ. ಅದೇ ಗಾಳಿ ಆ ಗೋಡೆಗೆ ತಾಗಿದ ಕ್ಷಣ ಅದರ ತೇವಾಂಶ ಶೇ 95ಕ್ಕೆ ಜಿಗಿಯುತ್ತದೆ! ಒಂದು ಹನಿಯೂ ಸೋರಿಲ್ಲ, ಒಂದು ಕೊಳಾಯಿಯೂ ಒಡೆದಿಲ್ಲ. ಗೋಡೆಯ ಮೈಯಲ್ಲಿ ತೇವಾಂಶ ಶೇ 80ರ ಆಸುಪಾಸು ನಿಂತರೂ ಸಾಕು ಎನ್ನುವ ಬೂಷ್ಟಿಗೆ ಶೇ 95 ಎಂದರೆ ಹಬ್ಬ. ರೇಷ್ಮೆ ಸೀರೆಯ ಬೀರುವಿನ ಹಿಂದೆಯೇ ಅದು ಮೊದಲು ಹುಟ್ಟುವುದು ಯಾಕೆ ಎಂಬ ಗುಟ್ಟು ಇದು.

ಈ ಗುಟ್ಟು ಹೊಸೂರಿನ ಗುಲಾಬಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು! ಪ್ರೇಮಿಗಳ ದಿನಕ್ಕೆ ವಿಮಾನ ಹತ್ತುವ ಹೂಗಳು ಬೆಳೆಯುವ ಪಾಲಿಹೌಸುಗಳಲ್ಲಿ ಅವರು ಹೆದರುವುದು ಬೊಟ್ರೈಟಿಸ್ ಎಂಬ ಬೂದು ಬೂಷ್ಟಿಗೆ. ದಳದ ಮೇಲೆ ತೇವ ನಿಂತರೆ ಮೊಗ್ಗು ಕೊಳೆಯುತ್ತದೆ. ಅದಕ್ಕೇ ಬದಿಯ ಪರದೆಗಳನ್ನು ಸುತ್ತಿ ಮೇಲೆತ್ತಿ ಗಾಳಿ ಆಡಿಸುತ್ತಾರೆ, ಸಂಜೆ ಹೊತ್ತು ಎಲೆ ತೋಯದಂತೆ ಕಾಯುತ್ತಾರೆ. ಹೂವಿಗೆ ಸಿಗುವ ಈ ಉಪಚಾರ ನಮ್ಮ ಮಲಗುವ ಕೋಣೆಗೆ ಸಿಗುತ್ತಿಲ್ಲ!

ಇನ್ನೂ ದೊಡ್ಡ ಬೆರಗು ಬೇಕಾದರೆ ಬೆಟ್ಟ ಹತ್ತಬೇಕು. ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರಂನ ಬಂಡೆಗಳ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳು ನಿಂತಿವೆ. ಸುತ್ತ ಕಲ್ಲುಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದಲ್ಲಿರುವುದೂ ಇಂಥವೇ. ಮಲ್ಲಚಂದ್ರಂನ ಕೆಲವು ಕಲ್ಲುಮನೆಗಳ ಒಳಮೈಯಲ್ಲಿ ಬಿಳಿ ಬಣ್ಣದ ಪ್ರಾಚೀನ ಚಿತ್ರಗಳಿವೆ. ಪ್ರಾಣಿಗಳ ಮೇಲೆ ಕೂತ ಮನುಷ್ಯರು, ಗೆರೆಗಳು, ಗುರುತುಗಳು. ಬಾಗಿಲಿಲ್ಲ, ಕಾವಲಿಲ್ಲ, ವಾಟರ್‌ಪ್ರೂಫಿಂಗ್ ಮಾಡಿದವರಿಲ್ಲ. ಮುಂಗಾರು, ಹಿಂಗಾರು ಎರಡರ ಮಳೆಯೂ ಎಷ್ಟೋ ನೂರು ಸಲ ಬಂದುಹೋಗಿದೆ. ಆದರೂ ಚಿತ್ರಗಳು ಕಾಣುತ್ತವೆ!

ಇದೇ ಹೊತ್ತಿಗೆ ಫ್ರಾನ್ಸಿನತ್ತ ನೋಡಿ. ಲಾಸ್ಕೋ ಗುಹೆ, ಸುಮಾರು 17,000 ವರ್ಷ ಹಳೆಯ ಚಿತ್ರಗಳು. 1940ರಲ್ಲಿ ಹುಡುಗರು ಪತ್ತೆ ಹಚ್ಚಿದರು, 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಒಳಹೊಕ್ಕು ಉಸಿರುಬಿಟ್ಟರು. ಆ ಉಸಿರಿನ ಆವಿ, ದೀಪಗಳ ಬೆಳಕು ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬಿ 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು. ಹದಿನೇಳು ಸಾವಿರ ವರ್ಷ ಉಳಿದದ್ದು ಹದಿನೈದು ವರ್ಷದಲ್ಲಿ ಅಪಾಯಕ್ಕೆ ಸಿಕ್ಕಿತು! ಅಲ್ಲಿಗೇ ಮುಗಿಯಲಿಲ್ಲ. 2001ರಲ್ಲಿ ಫ್ಯುಸೇರಿಯಂ ಎಂಬ ಬಿಳಿ ಬೂಷ್ಟು ಒಳಗೆ ಹರಡಿತು. ಜಗತ್ತಿನ ಅತಿ ಬೆಲೆಬಾಳುವ ಗುಹೆಗಳಲ್ಲೊಂದನ್ನು ಉಳಿಸಲು ಬಂದ ತಜ್ಞರು ನೆಲಕ್ಕೆ ಏನು ಹರಡಿದರು ಗೊತ್ತೇ? ಸುಟ್ಟ ಸುಣ್ಣ! ನಮ್ಮಜ್ಜಿ ಹಬ್ಬಕ್ಕೆ ಮುಂಚೆ ಗಡಿಗೆಯಲ್ಲಿ ಅರಳಿಸುತ್ತಿದ್ದ ಅದೇ ಸುಣ್ಣ.

ಮಲ್ಲಚಂದ್ರಂ ಉಳಿದದ್ದಕ್ಕೂ ಲಾಸ್ಕೋ ನರಳಿದ್ದಕ್ಕೂ ಇರುವ ಅಂತರ ಕಲ್ಲು ಮತ್ತು ಗಾಳಿ. ಇಲ್ಲಿಯ ಕಲ್ಲು ಗ್ರಾನೈಟ್, ತನ್ನ ತೂಕದ ಶೇ 1ರಷ್ಟು ನೀರನ್ನೂ ಕುಡಿಯದ ಜಾತಿ. ಬಂದ ನೀರು ಇಳಿಜಾರು ಬಂಡೆಯ ಮೇಲೆ ಹರಿದುಹೋಗುತ್ತದೆ. ಬೆಟ್ಟದ ಗಾಳಿ ಬೀಸುತ್ತಲೇ ಇರುತ್ತದೆ, ಬಿಸಿಲು ಬಡಿಯುತ್ತದೆ. ನೆಂದದ್ದು ಬೇಗ ಒಣಗುತ್ತದೆ. ನೀರು ನಿಲ್ಲದ ಕಡೆ ಬೂಷ್ಟೂ ನಿಲ್ಲುವುದಿಲ್ಲ.

ಈ ಪಾಠವನ್ನು ಗಡಿನಾಡಿನ ಹಳ್ಳಿಗಳು ಮರೆತಿರಲಿಲ್ಲ. ಆನೇಕಲ್ಲಿನಿಂದ ತಳಿ, ಡೆಂಕಣಿಕೋಟೆ, ಕೆಲಮಂಗಲದವರೆಗೆ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುವ ಊರುಗಳಲ್ಲಿ ಇಂದಿಗೂ ಕಲ್ಲುಚಪ್ಪಡಿ ಸೂರಿನ ಹಳೆಯ ಮನೆಗಳು ಸಿಗುತ್ತವೆ. ನೆಲದಿಂದ ನೀರು ಹತ್ತದ ಕಲ್ಲಿನ ತಳಪಾಯ, ಎತ್ತರದ ಜಗಲಿ, ಗೋಡೆಗೆ ಸುಣ್ಣ. ಈ ಸುಣ್ಣ ಇದೆಯಲ್ಲ, ಅದರ ರಸಾಯನ ತಿಳಿದರೆ ಮೈ ನವಿರೇಳುತ್ತದೆ! ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಆ ತಿಳಿಯ ಪಿಎಚ್ 12 ದಾಟುತ್ತದೆ, ಅಷ್ಟು ಖಾರವಾದ ಕ್ಷಾರದಲ್ಲಿ ಬೂಷ್ಟಿನ ಎಳೆ ಬದುಕುವುದು ಕಷ್ಟ. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಸುಣ್ಣ ಮತ್ತೆ ನಿಧಾನವಾಗಿ ಕಲ್ಲಾಗುತ್ತದೆ! ಕಲ್ಲಾಗುತ್ತಾ ಅದರ ಖಾರ ಇಳಿಯುತ್ತದೆ. ಹಾಗಾಗಿಯೇ ವರ್ಷಕ್ಕೊಮ್ಮೆ ಹೊಸ ಕೋಟು ಬೇಕು. ಯುಗಾದಿಗೋ ದೀಪಾವಳಿಗೋ ಸಂಕ್ರಾಂತಿಗೋ ಸುಣ್ಣ ಹೊಡೆಯುವ ಪದ್ಧತಿ ಮನೆಯ ಚಂದಕ್ಕೆ ಎಷ್ಟೋ, ಗೋಡೆಯ ಆರೋಗ್ಯಕ್ಕೂ ಅಷ್ಟೇ ಆಗಿಬರುತ್ತಿತ್ತು.

ಇನ್ನೂ ಒಂದು ಗುಣವಿದೆ. ಸುಣ್ಣದಲ್ಲಿ ಬೂಷ್ಟು ತಿನ್ನಬಹುದಾದ ಅಂಟಿಲ್ಲ, ಗೋಡೆಯೊಳಗಿನ ತೇವ ಆವಿಯಾಗಿ ಹೊರಹೋಗಲು ಅದು ಅಡ್ಡಿಪಡಿಸುವುದೂ ಇಲ್ಲ. ತಮಿಳುನಾಡಿನ ಹಳೆಯ ಗುಡಿಗಳನ್ನು ದುರಸ್ತಿ ಮಾಡುವವರು ಇವತ್ತಿಗೂ ಸಿಮೆಂಟ್ ಬಿಟ್ಟು ಸುಣ್ಣದ ಗಾರೆಗೆ ಅಳಲೆಕಾಯಿ, ಬೆಲ್ಲದ ನೀರು ಸೇರಿಸಿ ಅರೆದು ಬಳಸುವುದುಂಟು.

ಈಗ ಹೊಸೂರಿನ ಹೊಸ ಬಡಾವಣೆಗಳಿಗೆ ಬನ್ನಿ. ಕಾರ್ಖಾನೆಗಳು ಬಂದವು, ಬೆಂಗಳೂರು ಹತ್ತಿರವಾಯಿತು, 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ನಿವೇಶನ ಚಿಕ್ಕದು, ಗೋಡೆಗೆ ಗೋಡೆ ಅಂಟಿಕೊಂಡಿದೆ, ನಡುವೆ ಗಾಳಿ ಆಡಲು ಅಂಗೈ ಅಗಲದ ಸಂದಿ. ಬೇಗ ಮುಗಿಸುವ ಆತುರಕ್ಕೆ ಇಟ್ಟಿಗೆ, ಗಾರೆ ಇನ್ನೂ ಹಸಿ ಇರುವಾಗಲೇ ಪುಟ್ಟಿ ಮೆತ್ತಿ, ಮೇಲೆ ಹೊಳೆಯುವ ಎಮಲ್ಷನ್ ಬಳಿದುಬಿಡುತ್ತಾರೆ. ಒಳಗಿನ ತೇವ ಹೊರಬರಲು ದಾರಿ ಹುಡುಕುತ್ತದೆ, ದಾರಿ ಸಿಗದೆ ಬಣ್ಣವನ್ನೇ ಗುಳ್ಳೆ ಎಬ್ಬಿಸಿ ತಳ್ಳುತ್ತದೆ. ಗುಳ್ಳೆ ಕಂಡ ಕೂಡಲೇ ಅದರ ಮೇಲೆ ಇನ್ನೊಂದು ಕೋಟು! ಬೂಷ್ಟಿಗೆ ನೀರಿನ ಜೊತೆ ಹೊಸ ಊಟವನ್ನೂ ನಾವೇ ಬಡಿಸಿದಂತಾಯಿತು.

ಹಾಗಿದ್ದರೆ ಮಾಡುವುದೇನು? ಮೊದಲು ಗೋಡೆಯನ್ನು ಓದಬೇಕು. ಹೌದು, ಗೋಡೆ ಎಲ್ಲವನ್ನೂ ಬರೆದಿಟ್ಟಿರುತ್ತದೆ! ಕಲೆ ನೆಲದಿಂದ ಮೇಲಕ್ಕೆ ಹತ್ತಿ ಎರಡು ಮೂರಡಿಗೆ ನಿಂತಿದ್ದರೆ, ಅದರ ಅಂಚಿನಲ್ಲಿ ಬಿಳಿ ಉಪ್ಪು ಕಂಡರೆ, ತಳಪಾಯದಿಂದ ನೀರು ಏರುತ್ತಿದೆ. ಹತ್ತು ಮೈಕ್ರಾನ್ ತ್ರಿಜ್ಯದ ಒಂದು ಸಣ್ಣ ರಂಧ್ರದಲ್ಲಿ ನೀರು ತನ್ನಷ್ಟಕ್ಕೆ ತಾನೇ ಒಂದೂವರೆ ಮೀಟರ್ ಮೇಲೇರಬಲ್ಲದು, ಪಂಪೂ ಬೇಡ, ಕರೆಂಟೂ ಬೇಡ! ಸೂರಿನಲ್ಲಿ ಒಂದರೊಳಗೊಂದು ಕಂದು ವೃತ್ತಗಳಿದ್ದರೆ ತಾರಸಿ ಸೋರಿಕೆ. ಬಚ್ಚಲಿನ ಪಕ್ಕದ ಗೋಡೆಯ ಕಲೆ ಬೇಸಿಗೆಯಲ್ಲೂ ಆರದಿದ್ದರೆ ಪೈಪಿನದೇ ಕೆಲಸ. ಕಿಟಕಿಯ ಮೂಲೆಯಿಂದ ಕೆಳಗಿಳಿದಿದ್ದರೆ ಸಜ್ಜಾ ನೋಡಿ. ಸಜ್ಜಾದ ಅಡಿಭಾಗದ ಅಂಚಿನಲ್ಲಿ ಉದ್ದಕ್ಕೂ ಅರ್ಧ ಇಂಚಿನ ಒಂದು ಗೀರು ಇರಬೇಕು. ಮಳೆನೀರು ಅಡಿಗೆ ಅಂಟಿಕೊಂಡು ಗೋಡೆಯತ್ತ ತೆವಳುವಾಗ ಆ ಗೀರು ದಾಟಲಾಗದೆ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಮೇಸ್ತ್ರಿ ಒಂದು ಕಡ್ಡಿಯಲ್ಲಿ ಎಳೆಯುವ ಗೀರು ಒಂದಿಡೀ ಗೋಡೆಯನ್ನು ಕಾಯುತ್ತದೆ!

ಅನುಮಾನವಿದ್ದರೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಗೋಡೆಯ ಮೇಲೆ ಬಿಳಿ ಹಿಟ್ಟಿನಂಥದ್ದು ಕಂಡರೆ ಒಂದು ಹನಿ ನೀರು ಬಿಡಿ. ಕರಗಿದರೆ ಅದು ಉಪ್ಪು, ಕರಗದೆ ಮುದ್ದೆಯಾದರೆ ಬಹುಶಃ ಬೂಷ್ಟು. ಎರಡನೆಯದು ಇನ್ನೂ ಸೊಗಸು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮುಂದೆ, ಕೋಣೆಯ ಕಡೆ ಕೂತಿದ್ದರೆ ಅದು ನಿಮ್ಮದೇ ಉಸಿರು, ನಿಮ್ಮದೇ ಅಡುಗೆಯ ಆವಿ! ಮೊದಲನೆಯದಕ್ಕೆ ಮೇಸ್ತ್ರಿ ಅಥವಾ ಪ್ಲಂಬರ್ ಬೇಕು, ಎರಡನೆಯದಕ್ಕೆ ತೆರೆದ ಕಿಟಕಿ ಸಾಕು.

ಆಮೇಲೆ ದುರಸ್ತಿ. ಅದರ ಕ್ರಮ ಎಷ್ಟು ಹಳೆಯದೆಂದರೆ ಬೈಬಲ್ಲಿನ ಯಾಜಕಕಾಂಡದಲ್ಲೇ ಇದೆ! ಗೋಡೆಯಲ್ಲಿ ಹಸಿರು, ಕೆಂಪು ಕಲೆ ಕಂಡರೆ ಮನೆಯನ್ನು ಏಳು ದಿನ ಮುಚ್ಚಿ ಮತ್ತೆ ನೋಡಬೇಕು, ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರಾಚೆ ಎಸೆಯಬೇಕು, ಒಳಗೋಡೆಯನ್ನು ಕೆರೆಯಬೇಕು, ಹೊಸ ಕಲ್ಲಿಟ್ಟು ಹೊಸ ಗಾರೆ ಮೆತ್ತಬೇಕು, ಆಮೇಲೂ ಮರಳಿ ಬಂದರೆ ಮನೆಯನ್ನೇ ಕೆಡವಬೇಕು. ಸಾವಿರಾರು ವರ್ಷಗಳ ಬಳಿಕ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಇಡೀ ಮಾರ್ಗಸೂಚಿ ಹೊರತಂದಿತು. ಇಷ್ಟರವರೆಗೆ ಬೂಷ್ಟು ಇದ್ದರೆ ಅಪಾಯವಿಲ್ಲ ಎಂಬ ಅಂಕಿಯನ್ನು ಅದು ಕೊಡಲಿಲ್ಲ. ಮನೆಯಲ್ಲಿ ತೇವ ನಿಲ್ಲದಂತೆ ನೋಡಿಕೊಳ್ಳಿ, ಕಂಡ ಬೂಷ್ಟನ್ನು ತೆಗೆಯಿರಿ ಎಂಬುದೇ ಅದರ ಸಾರ.

ಆ ತೆಗೆಯುವ ಕೆಲಸದಲ್ಲೂ ಜಾಣತನ ಬೇಕು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಹಾಗಾಗಿ ಔಷಧ ಹೊಡೆದು ಕೊಂದರೆ ಸಾಲದು, ಅಲ್ಲಿಂದ ತೆಗೆಯಲೇಬೇಕು. ಒಣ ಪೊರಕೆಯಿಂದ ಉಜ್ಜಿದರೆ ಲಕ್ಷಾಂತರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಫ್ಯಾನ್ ಆರಿಸಿ, ಎನ್95 ಮಾಸ್ಕ್, ಕೈಗವಸು ಹಾಕಿ, ತೇವ ಮಾಡಿ ಒರೆಸಬೇಕು. ಟೈಲ್ಸ್, ಗಾಜು, ಲೋಹವಾದರೆ ಸೋಪುನೀರು ಸಾಕು. ಪುಟ್ಟಿ ಉಬ್ಬಿದ ಗೋಡೆಯಾದರೆ ಗಾರೆಯವರೆಗೆ ಕೆರೆದು ತೆಗೆಯಬೇಕು. ಒಳಗಿನವರೆಗೆ ನೆಂದು ಬೂಷ್ಟು ಹಿಡಿದ ಹಾಸಿಗೆ, ದಿಂಬು, ಜಿಪ್ಸಂ ಹಲಗೆಗಳನ್ನು ಉಳಿಸುವ ಆಸೆ ಬೇಡ. ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ವಿಷಾನಿಲ ಕ್ಲೋರಿನ್ ಏಳುತ್ತದೆ, ಎಂದಿಗೂ ಬೆರೆಸಬೇಡಿ. ಕೆರೆದ ಗೋಡೆಗೆ ಕೂಡಲೇ ಬಣ್ಣ ಬೇಡ. ನೆರೆಯಲ್ಲಿ ನೆಂದ ಒಂಬತ್ತಿಂಚಿನ ಗೋಡೆ ಪೂರ್ತಿ ಆರಲು ತಿಂಗಳುಗಳೇ ಬೇಕು. ಆರಲು ಬಿಡಿ, ಗಾಳಿ ಆಡಲಿ, ಆಮೇಲೆ ಸುಣ್ಣವೋ ಉಸಿರಾಡುವ ಬಣ್ಣವೋ ಬಳಿಯಿರಿ.

ಇಷ್ಟೆಲ್ಲ ವಿಜ್ಞಾನ, ಇಷ್ಟೆಲ್ಲ ಇತಿಹಾಸ ಸೇರಿ ಹೇಳುವುದು ಒಂದೇ ಮಾತು: ನೀರನ್ನು ನಿಲ್ಲಿಸಿದರೆ ಬೂಷ್ಟು ತಾನಾಗಿ ನಿಲ್ಲುತ್ತದೆ; ನೀರನ್ನು ಬಿಟ್ಟು ಬೂಷ್ಟಿನ ಜೊತೆ ಜಗಳಕ್ಕೆ ನಿಂತವರು ಪ್ರತಿ ವರ್ಷ ಬಣ್ಣದ ಡಬ್ಬ ಕೊಳ್ಳುತ್ತಲೇ ಇರುತ್ತಾರೆ. ಹೊಸೂರು, ಕೃಷ್ಣಗಿರಿಗೆ ನೈರುತ್ಯದ ಮಳೆಯೂ ಉಂಟು, ಈಶಾನ್ಯದ ಮಳೆಯೂ ಉಂಟು. ಮುಂದಿನ ಮಳೆಗೆ ಮುಂಚೆ ಒಂದು ಭಾನುವಾರ ತಾರಸಿ ಹತ್ತಿ. ನೀರು ಹೋಗುವ ತೂತಿನಲ್ಲಿ ಸಿಕ್ಕಿದ ಎಲೆ, ಕಸ ತೆಗೆಯಿರಿ, ಬಿರುಕು ಕಂಡರೆ ಮುಚ್ಚಿಸಿ. ಕೆಳಗಿಳಿದು ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ದಿನಕ್ಕೆರಡು ಹೊತ್ತು ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಖರ್ಚು ಹೆಚ್ಚುಕಡಿಮೆ ಸೊನ್ನೆ, ಇವತ್ತೇ ಮಾಡಬಹುದು.